ಶಿಶುವಿಹಾರ ನೋಡಲು ಮಳೆಗಾಲದಲ್ಲಿ ಹೋಗಿ: ಚಿಕ್ಕಮಗಳೂರಿನ ಅಪ್ಪ ಅಮ್ಮಂದಿರಿಗೊಂದು ಮಾರ್ಗದರ್ಶಿ

ಡಿಸೆಂಬರ್ ಬಂತೆಂದರೆ ನಮ್ಮೂರಿನಲ್ಲಿ ಎರಡು ಕೆಲಸ ಒಟ್ಟಿಗೆ ಶುರುವಾಗುತ್ತವೆ. ತೋಟದಲ್ಲಿ ಕಾಫಿ ಕೊಯ್ಲು, ಪೇಟೆಯಲ್ಲಿ ಸೀಟಿನ ಹುಡುಕಾಟ. ಐಜಿ ರಸ್ತೆಯಿಂದ ಹಿಡಿದು ಬೈಪಾಸ್‌ವರೆಗೆ ಕಂಬಕ್ಕೊಂದು 'ಅಡ್ಮಿಷನ್ ಆರಂಭ' ಬ್ಯಾನರ್ ಏರುತ್ತದೆ. ಎರಡೂವರೆ ವರ್ಷದ ಮಗು ಇರುವ ಮನೆಯಲ್ಲಿ ಆತಂಕ ಶುರು. ಪಕ್ಕದ ಮನೆಯವರು ಆಗಲೇ ಸೇರಿಸಿದ್ದಾರಂತೆ, ನಾವಿನ್ನೂ ವಿಚಾರಿಸಿಯೇ ಇಲ್ಲ ಅಂತ.

ಮಗಳ ಸಮಯದಲ್ಲಿ ನಾನೂ ಹಾಗೇ ಓಡಿದ್ದೆ. ಜನವರಿಯ ಒಂದು ಶನಿವಾರ ಮಧ್ಯಾಹ್ನ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಒಂದು ಶಾಲೆ ನೋಡಿ ಬಂದೆವು. ಗೋಡೆ ತುಂಬ ಬಣ್ಣದ ಚಿತ್ರ, ಹೊಳೆಯುವ ನೆಲ, ಆಫೀಸಿನಲ್ಲಿ ಮರ್ಯಾದೆಯ ಮಾತು. ಅಲ್ಲೇ ಹಣ ಕಟ್ಟಿದೆವು. ಜೂನ್‌ನಲ್ಲಿ ಸೇರಿದಳು. ಆಗಸ್ಟ್ ಹೊತ್ತಿಗೆ, ಎಂದೋ ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಯಿತು. ಶಾಲೆಯಿಂದ ಬಂದವಳೇ ಚೀಲ ಬಿಸಾಕಿ ಬಚ್ಚಲಿಗೆ ಓಡುತ್ತಿದ್ದಳು. ನಾಲ್ಕು ದಿನ ಕೂರಿಸಿಕೊಂಡು ಮೆಲ್ಲಗೆ ಕೇಳಿದ ಮೇಲೆ ಗೊತ್ತಾಯಿತು: ಅಲ್ಲಿ ಉಚ್ಚೆಗೆ ಹೋಗಬೇಕಾದರೆ ಬೆಲ್ ಆಗುವವರೆಗೆ ಕಾಯಬೇಕು. ನಡುವೆ ಕೇಳಿದರೆ ಬೈಗುಳ. ಬೈಸಿಕೊಳ್ಳುವುದಕ್ಕಿಂತ ತಡೆದುಕೊಳ್ಳುವುದೇ ಮೇಲು ಎಂದು ಮೂರು ವರ್ಷದ ಮಗು ತನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡಿತ್ತು.

ಆ ಶನಿವಾರ ನಾವು ನೋಡಿದ್ದು ಕಟ್ಟಡವನ್ನು. ಶಾಲೆಯನ್ನು ನೋಡಿರಲೇ ಇಲ್ಲ. ಮಗನ ಸರದಿ ಬಂದಾಗ ಒಂದು ವರ್ಷ ಮೊದಲೇ ಶುರು ಮಾಡಿ, ಏಳು ಕಡೆ ಮಕ್ಕಳಿರುವ ಹೊತ್ತಿಗೇ ಹೋಗಿ ಕೂತು ಬಂದೆ. ಅಲ್ಲಿ ಕಲಿತದ್ದನ್ನು ಒಂದರ ಹಿಂದೊಂದು ಬರೆಯುತ್ತೇನೆ.

ಮೊದಲು ವಯಸ್ಸಿನ ಲೆಕ್ಕ

ಕ್ಯಾಲೆಂಡರ್ ಹಿಡಿದು ಕೂತು ಹಿಂದಿನಿಂದ ಎಣಿಸಿ. ಒಂದನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂದು ರಾಜ್ಯ ಸರ್ಕಾರ 2022ರ ಜುಲೈನಲ್ಲಿ ಆದೇಶ ಮಾಡಿತು. ಇದು 2025-26ರಿಂದ ಜಾರಿ ಎಂದಾಗಿತ್ತು. ಪೋಷಕರ ಒತ್ತಾಯದ ಮೇಲೆ, ಯುಕೆಜಿ ಮುಗಿಸಿದವರಿಗೆ ಆ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಿದರು. ಸಡಿಲಿಕೆ ಸಿಕ್ಕೇ ಸಿಗುತ್ತದೆಂದು ನಂಬಿಕೊಂಡು ಲೆಕ್ಕ ಹಾಕಬೇಡಿ. ಆರನ್ನೇ ಹಿಡಿದುಕೊಳ್ಳಿ. ಯುಕೆಜಿಗೆ ಐದು, ಎಲ್‌ಕೆಜಿಗೆ ನಾಲ್ಕು, ಅದಕ್ಕೂ ಮೊದಲಿನ ನರ್ಸರಿಗೆ ಮೂರು. ನಿಮ್ಮ ಮಗು ಸೇರುವ ವರ್ಷ ಯಾವ ಆದೇಶ ನಡೆಯುತ್ತಿದೆ ಎಂಬುದನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳಿಕೊಂಡರೆ ಮುಗಿಯಿತು.

ಒಂದು ಉದಾಹರಣೆ. 2023ರ ಸೆಪ್ಟೆಂಬರ್‌ನಲ್ಲಿ ಹುಟ್ಟಿದ ಮಗುವಿಗೆ ಆರು ತುಂಬುವುದು 2029ರ ಸೆಪ್ಟೆಂಬರ್‌ಗೆ. ಅಂದರೆ ಒಂದನೇ ತರಗತಿ 2030ರ ಜೂನ್‌ನಲ್ಲಿ. ಹಿಂದಕ್ಕೆ ಬಂದರೆ ಯುಕೆಜಿ 2029, ಎಲ್‌ಕೆಜಿ 2028, ನರ್ಸರಿ 2027. ಈ ಮಗುವನ್ನು 2026ರಲ್ಲೇ 'ನರ್ಸರಿಗೆ ತಗೊಳ್ತೀವಿ, ಪರವಾಗಿಲ್ಲ' ಎಂದು ಸೇರಿಸಿಕೊಳ್ಳುವವರು ಸಿಗುತ್ತಾರೆ. ಮೂರು ವರ್ಷ ಕಳೆದ ಮೇಲೆ ಆರು ತುಂಬಿಲ್ಲವೆಂದು ಮಗು ಯುಕೆಜಿಯಲ್ಲೇ ಇನ್ನೊಂದು ವರ್ಷ ಕೂರಬೇಕಾಗುತ್ತದೆ. ಜೊತೆಯವರೆಲ್ಲ ಮುಂದಕ್ಕೆ ಹೋಗಿರುತ್ತಾರೆ. ಆ ವರ್ಷದ ಫೀಸೂ ನಿಮ್ಮದೇ, ಮಗುವಿನ ಸಪ್ಪೆ ಮುಖವೂ ನಿಮ್ಮದೇ.

ಮೂರು ತುಂಬದವರನ್ನು ಪ್ಲೇಸ್ಕೂಲಿಗೆ ತೆಗೆದುಕೊಳ್ಳಬಾರದು ಎಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿಯೇ ಹೇಳುತ್ತದೆ. ಇಬ್ಬರೂ ದುಡಿಯಲು ಹೋಗುವ ಮನೆಯಾಗಿದ್ದು ನಿಮಗೆ ಬೇಕಿರುವುದು ಬೇಬಿ ಸಿಟಿಂಗ್ ಆದರೆ ಅದನ್ನೇ ಹುಡುಕಿ, ಅದಕ್ಕೆ ತಕ್ಕ ಪ್ರಶ್ನೆ ಕೇಳಿ: ಮಧ್ಯಾಹ್ನ ಎಲ್ಲಿ ಮಲಗಿಸುತ್ತಾರೆ, ಯಾರು ಉಣ್ಣಿಸುತ್ತಾರೆ, ಜ್ವರ ಬಂದರೆ ಏನು ಮಾಡುತ್ತಾರೆ. ಅದಕ್ಕೆ ಶಾಲೆಯ ಹೆಸರು, ಯೂನಿಫಾರ್ಮ್, ಪುಸ್ತಕ ಯಾವುದೂ ಬೇಡ.

ಎರಡನೆಯದು ದಾರಿ

ಪಟ್ಟಿ ಮಾಡುವ ಮೊದಲು ದಾರಿ ನೋಡಿ. ಮನೆ ವಿಜಯಪುರದಲ್ಲಿ, ಶಾಲೆ ಊರಾಚೆ ಕೆಎಂ ರಸ್ತೆಯಲ್ಲಿ ಎಂದರೆ ಜನವರಿಯಲ್ಲಿ ಹತ್ತು ನಿಮಿಷದ ಹಾದಿ. ಪುನರ್ವಸು ಮಳೆ ಹಿಡಿದ ವಾರ ಅದೇ ದಾರಿ ಬೇರೆಯೇ. ವ್ಯಾನು ಹತ್ತು ಮನೆ ಸುತ್ತಿ ಬರುವುದಾದರೆ ಮೊದಲು ಹತ್ತಿದ ಮಗು ಮುಕ್ಕಾಲು ಗಂಟೆ ಒದ್ದೆ ಸೀಟಿನಲ್ಲಿರುತ್ತದೆ. ಆಲ್ದೂರು, ಮಲ್ಲಂದೂರು ಕಡೆಯಿಂದ ಪೇಟೆಗೆ ಕಳಿಸುವವರಂತೂ ದಯವಿಟ್ಟು ಒಂದು ದಿನ ಆ ವ್ಯಾನ್ ಹೊರಡುವ ಹೊತ್ತಿಗೇ ನಿಮ್ಮ ಗಾಡಿಯಲ್ಲಿ ಅದರ ಹಿಂದೆ ಹೋಗಿ ನೋಡಿ. ಮೂರು ವರ್ಷದ ಮಗುವನ್ನು ಬೆಳಿಗ್ಗೆ ಆರೂವರೆಗೆ ಎಬ್ಬಿಸಿ, ಅರ್ಧ ದೋಸೆ ತುರುಕಿ, ತಿರುವು ದಾರಿಯಲ್ಲಿ ಕಳಿಸಿದರೆ ಅದು ತಲುಪುವ ಹೊತ್ತಿಗೇ ಸೋತಿರುತ್ತದೆ. ಹತ್ತಿರದ ಸಾಧಾರಣ ಶಾಲೆ, ದೂರದ ಹೆಸರುವಾಸಿ ಶಾಲೆ, ಎರಡೇ ಉಳಿದರೆ ಹತ್ತಿರದ್ದನ್ನೇ ಆರಿಸಿ. ಐದು ವರ್ಷ ತುಂಬುವವರೆಗೆ ನನ್ನ ಮಟ್ಟಿಗೆ ಇದರಲ್ಲಿ ಎರಡು ಮಾತಿಲ್ಲ.

ವ್ಯಾನು ಅನಿವಾರ್ಯವಾದರೆ ಹಳದಿ ಬೋರ್ಡ್ ಇರಲೇಬೇಕು. ಬಿಳಿ ಬೋರ್ಡಿನ ಓಮ್ನಿಯಲ್ಲಿ ಹದಿನೈದು ಮಕ್ಕಳನ್ನು ತುಂಬುವುದು ನಮ್ಮೂರಿನಲ್ಲಿ ದಿನಾ ಕಾಣುವ ನೋಟ. ಅಪಘಾತವಾದರೆ ಅಲ್ಲಿ ವಿಮೆಯೂ ನಿಮ್ಮ ನೆರವಿಗೆ ಬರುವುದು ಕಷ್ಟ. ಚಾಲಕನಲ್ಲದೆ ಮಕ್ಕಳನ್ನು ಹತ್ತಿಸಿ ಇಳಿಸುವ ಇನ್ನೊಬ್ಬರು ಇದ್ದಾರೆಯೇ? ಕೊನೆಯ ಮಗು ಇಳಿದ ಮೇಲೆ ಸೀಟುಗಳ ಮಧ್ಯೆ ಯಾರಾದರೂ ಮಲಗಿಬಿಟ್ಟಿದ್ದಾರೆಯೇ ಎಂದು ನೋಡುವವರು ಯಾರು? ಈ ಎರಡಕ್ಕೂ ಹೆಸರು ಹಿಡಿದು ಉತ್ತರ ಬರಬೇಕು.

ಜಡಿಮಳೆಗೆ ಜಿಲ್ಲಾಧಿಕಾರಿಗಳು ರಾತ್ರಿಯೋ ಬೆಳಗ್ಗೆಯೋ ರಜೆ ಘೋಷಿಸುತ್ತಾರಲ್ಲ, ಆ ಸುದ್ದಿ ನಿಮಗೆ ಯಾರಿಂದ ತಲುಪುತ್ತದೆ ಎಂಬುದನ್ನೂ ಕೇಳಿಟ್ಟುಕೊಳ್ಳಿ.

ಪಟ್ಟಿಯಲ್ಲಿ ಅಂಗನವಾಡಿಯೂ ಇರಲಿ

ಖಾಸಗಿ ಶಾಲೆಗಳನ್ನಷ್ಟೇ ಬರೆದುಕೊಂಡು ಹೊರಡುವವರು ನಮ್ಮ ಬೀದಿಯ ಅಂಗನವಾಡಿಯ ಬಾಗಿಲನ್ನೇ ತೆರೆದು ನೋಡಿರುವುದಿಲ್ಲ. ನಾನೂ ನೋಡಿರಲಿಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಯೋಜನೆ ಅದು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಆಟ, ಹಾಡು, ಕಥೆ, ಊಟ, ಹಾಲು, ಮೊಟ್ಟೆ, ತೂಕ ನೋಡುವುದು ಎಲ್ಲ ಅಲ್ಲಿದೆ. 'ಚಿಲಿಪಿಲಿ' ಎಂಬ ಚಟುವಟಿಕೆಯ ಪಠ್ಯವೂ ಇದೆ. ಅದನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ, ದುಡ್ಡು ಕೊಟ್ಟು ತಂದ ಎಷ್ಟೋ ವರ್ಕ್‌ಬುಕ್ಕುಗಳಿಗಿಂತ ಅದು ಮಗುವಿಗೆ ಹತ್ತಿರ ಅನ್ನಿಸಿತು. ಟೀಚರ್ ಅದೇ ಬಡಾವಣೆಯವರು, ಮಗುವಿನ ಅಜ್ಜಿಯ ಪರಿಚಯವೂ ಇರುತ್ತದೆ. ಕೊರತೆ ಎಂದರೆ ಅವರ ತಲೆಯ ಮೇಲೆ ಹೊರಿಸಿದ ಬೇರೆ ಕೆಲಸ: ಸರ್ವೆ, ಲಸಿಕೆಯ ದಿನ, ಗರ್ಭಿಣಿಯರ ಪಟ್ಟಿ, ಮೀಟಿಂಗ್. ಹಾಗಾಗಿ ಒಂದೊಂದು ಅಂಗನವಾಡಿ ಒಂದೊಂದು ಥರ. ನಿಮ್ಮ ಬೀದಿಯದ್ದು ಹೇಗಿದೆ ಎಂಬುದು ಹೋಗಿ ಕೂತರೆ ಮಾತ್ರ ಗೊತ್ತಾಗುತ್ತದೆ. ಎಲ್‌ಕೆಜಿ, ಯುಕೆಜಿ ಇರುವ ಸರ್ಕಾರಿ ಶಾಲೆಗಳೂ ಈಗ ಇವೆ, ಅವನ್ನೂ ಬರೆದುಕೊಳ್ಳಿ.

'ಮಾಂಟೆಸರಿ' ಎಂಬ ಬೋರ್ಡಿನ ಬಗ್ಗೆ ಒಂದು ಮಾತು. ಮರಿಯಾ ಮಾಂಟೆಸರಿ 1907ರಲ್ಲಿ ರೋಮ್‌ನ ಬಡವರ ಕೇರಿಯಲ್ಲಿ ಮೊದಲ ಮಕ್ಕಳ ಮನೆ ತೆರೆದವರು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದ ದೆಸೆಯಿಂದ ವರ್ಷಗಟ್ಟಲೆ ಇಲ್ಲೇ ಉಳಿದು, ನಮ್ಮ ದೇಶದ ನೂರಾರು ಶಿಕ್ಷಕರಿಗೆ ಕಲಿಸಿದರು. ಆದರೆ ಆ ಹೆಸರನ್ನು ಯಾರು ಬೇಕಾದರೂ ಬೋರ್ಡಿಗೆ ಬರೆಸಬಹುದು. ನಿಜವೋ ಅಲ್ಲವೋ ತಿಳಿಯಲು ಗುಲಾಬಿ ಗೋಪುರವನ್ನು ಹುಡುಕಿ. ಹತ್ತು ಮರದ ಘನಗಳು, ಒಂದು ಸೆಂಟಿಮೀಟರಿನದರಿಂದ ಹತ್ತು ಸೆಂಟಿಮೀಟರಿನದರವರೆಗೆ. ನಾನು ಹೋದ ಒಂದು ಕಡೆ ಅದು ಗಾಜಿನ ಬೀರುವಿನಲ್ಲಿ, ಬೀಗದೊಳಗೆ, ಅಂಗಡಿಯಿಂದ ತಂದ ಹೊಸ ಬಣ್ಣದಲ್ಲೇ ಇತ್ತು. ಇನ್ನೊಂದು ಕಡೆ ಮಕ್ಕಳ ಸೊಂಟದೆತ್ತರದ ತೆರೆದ ಹಲಗೆಯ ಮೇಲಿತ್ತು. ಮೂಲೆಗಳಲ್ಲಿ ಬಣ್ಣ ಹೋಗಿ ಮರ ಕಾಣುತ್ತಿತ್ತು. ಒಬ್ಬಳು ಹುಡುಗಿ ಚಾಪೆ ಹಾಸಿ, ಒಂದೊಂದನ್ನೇ ಎರಡೂ ಕೈಯಲ್ಲಿ ಹೊತ್ತು ತಂದು ಜೋಡಿಸಿ, ಬೀಳಿಸಿ, ಮತ್ತೆ ಜೋಡಿಸುತ್ತಿದ್ದಳು. ಯಾರೂ ಅವಳಿಗೆ 'ಬೇಗ' ಅನ್ನಲಿಲ್ಲ. ಬಣ್ಣ ಸವೆದ ಆಟಿಕೆ ಇರುವ ಕಡೆ ಮಕ್ಕಳು ಮುಟ್ಟಿದ್ದಾರೆ ಎಂದರ್ಥ.

ದೊಡ್ಡ ಶಾಲೆಗಳ ಎಲ್‌ಕೆಜಿಯನ್ನು 'ಹತ್ತನೇ ಕ್ಲಾಸ್‌ವರೆಗೆ ಸೀಟು ಗಟ್ಟಿ' ಎಂಬ ಕಾರಣಕ್ಕೆ ಹಿಡಿಯುವವರೇ ಹೆಚ್ಚು. ಆ ಆತಂಕ ನನಗೂ ಅರ್ಥವಾಗುತ್ತದೆ. ಆದರೂ ಮೂರು ವರ್ಷದ ಮಗುವಿನ ಇವತ್ತನ್ನು ಹದಿನಾರು ವರ್ಷದ ಹುಡುಗನ ರಿಸಲ್ಟಿಗಾಗಿ ಒತ್ತೆ ಇಡಬೇಡಿ. ಆ ಶಾಲೆಯ ಹತ್ತನೇ ತರಗತಿ ಚೆನ್ನಾಗಿದ್ದು, ಎಲ್‌ಕೆಜಿ ಕೋಣೆಯಲ್ಲಿ ಐವತ್ತು ಮಕ್ಕಳು ಬೆಂಚಿನ ಮೇಲೆ ಸಾಲಾಗಿ ಕೂತಿದ್ದರೆ, ನಿಮ್ಮ ಮಗು ಸೇರುವುದು ಆ ಐವತ್ತರ ಕೋಣೆಗೆ.

ಫೋನಿನಲ್ಲಿ ಕೇಳಬೇಕಾದದ್ದು

ಎರಡೇ ಪ್ರಶ್ನೆ. ಒಂದು ಕೋಣೆಯಲ್ಲಿ ಎಷ್ಟು ಮಕ್ಕಳು, ಎಷ್ಟು ದೊಡ್ಡವರು? ಕ್ಲಾಸು ನಡೆಯುವಾಗ, ಬೆಳಿಗ್ಗೆ ಹತ್ತೂವರೆಗೆ ನಾನು ಬಂದು ಅರ್ಧ ಗಂಟೆ ಕೂತುಕೊಳ್ಳಬಹುದೇ?

ಮೊದಲನೆಯದಕ್ಕೆ ಅಳತೆಗೋಲು ಇದೆ. ಚಿಕ್ಕ ಮಕ್ಕಳ ಆರೈಕೆ ಮತ್ತು ಶಿಕ್ಷಣ ಕುರಿತ 2013ರ ರಾಷ್ಟ್ರೀಯ ನೀತಿ ಪ್ರಕಾರ ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು, ಮೂರಕ್ಕಿಂತ ಚಿಕ್ಕವರಾದರೆ 10 ಮಕ್ಕಳಿಗೆ ಒಬ್ಬರು ಇರಬೇಕು. 30 ಮಕ್ಕಳಿಗೆ ಕನಿಷ್ಠ 35 ಚದರ ಮೀಟರ್ ಕೋಣೆ, ಅಂದರೆ ಹೆಚ್ಚುಕಡಿಮೆ ಇಪ್ಪತ್ತಕ್ಕೆ ಹತ್ತೊಂಬತ್ತು ಅಡಿ, ಜೊತೆಗೆ ಹೊರಗೆ 30 ಚದರ ಮೀಟರ್ ಜಾಗ. ದಿನಕ್ಕೆ ಮೂರು ನಾಲ್ಕು ಗಂಟೆ ಸಾಕು ಎಂದೂ ಅಲ್ಲೇ ಹೇಳಿದೆ. ಮನೆಯನ್ನೇ ಶಾಲೆ ಮಾಡಿಕೊಂಡ ಕಡೆ ಕೋಣೆಯ ಅಳತೆಯನ್ನು ಹೆಜ್ಜೆ ಹಾಕಿಯೇ ನೋಡಿಬಿಡಬಹುದು.

ಎರಡನೆಯದಕ್ಕೆ 'ಪೇರೆಂಟ್ಸ್ ಗೇಟಿನವರೆಗೆ ಮಾತ್ರ' ಎಂಬ ಉತ್ತರ ಬಂದರೆ ಆ ಹೆಸರಿಗೆ ಗೀಟು ಎಳೆಯಿರಿ. ಯಾರು ಬೇಕಾದರೂ ಯಾವಾಗ ಬೇಕಾದರೂ ನುಗ್ಗುವಂತಿರಬಾರದು, ಅದು ನ್ಯಾಯವೇ. 'ಗುರುವಾರ ಬನ್ನಿ, ಒಬ್ಬರೇ ಬನ್ನಿ, ಫೋಟೊ ತೆಗೆಯಬೇಡಿ' ಎಂದವರ ಮೇಲೆ ನನಗೆ ಗೌರವ ಹೆಚ್ಚಾಯಿತು. ಯಾವ ದಿನವೂ ಬೇಡ ಎನ್ನುವವರ ವಿಷಯ ಬೇರೆ.

ಹತ್ತೂವರೆಗೆ, ಅದೂ ಜುಲೈನಲ್ಲಿ

ನಮ್ಮ ಊರಿನ ಯಾವ ಶಾಲೆಯೂ ಜನವರಿಯ ಬಿಸಿಲಿನಲ್ಲಿ ಚೆಂದವೇ. ಆದ್ದರಿಂದ ಮುಂದಿನ ಜೂನ್‌ಗೆ ಸೇರಿಸುವುದಿದ್ದರೆ ಈ ಜುಲೈನಲ್ಲೇ ಒಮ್ಮೆ ಹೋಗಿ ಬನ್ನಿ. ಒದ್ದೆ ಚಪ್ಪಲಿ, ಶೂ ಎಲ್ಲಿ ಬಿಡುತ್ತಾರೆ? ನೆನೆದ ಚಡ್ಡಿಯನ್ನು ಬದಲಿಸುತ್ತಾರೋ, ಒಣಗಲು ಹಾಗೇ ಬಿಡುತ್ತಾರೋ? ಗೋಡೆಯಲ್ಲಿ ಬೂಷ್ಟು, ಮೂಲೆಯಲ್ಲಿ ಸೋರಿಕೆ ಇದೆಯೇ? ಕರೆಂಟು ಹೋದರೆ ಕೋಣೆ ಕತ್ತಲಾಗುತ್ತದೆಯೇ? ತಣ್ಣನೆಯ ನೆಲದ ಮೇಲೆ ಚಾಪೆ ಇದೆಯೇ? ನಾಲ್ಕು ದಿನ ಹೊರಗೆ ಬಿಡಲಾಗದಿದ್ದಾಗ ಮಕ್ಕಳು ಎಲ್ಲಿ ಓಡುತ್ತಾರೆ? ಒಂದು ಕಡೆ ಈ ಪ್ರಶ್ನೆಗೆ ಟಿವಿಯತ್ತ ಕೈ ತೋರಿಸಿದರು. ಇನ್ನೊಂದು ಕಡೆ ಹಳೆಯ ಹೆಂಚಿನ ಮನೆಯ ಉದ್ದನೆಯ ಜಗುಲಿಯಲ್ಲಿ ಮಕ್ಕಳು ಸಾಲಾಗಿ ರೈಲು ಮಾಡಿಕೊಂಡು ಸುತ್ತುತ್ತಿದ್ದರು. ಸೂರಿನ ನೀರಿಗೆ ಕೈ ಒಡ್ಡಿ ನಿಂತವರನ್ನು ಯಾರೂ ಎಳೆದು ಒಳಗೆ ಹಾಕಲಿಲ್ಲ.

ಒಳಗೆ ಹೋದ ಮೇಲೆ ಕುರ್ಚಿ ಬೇಡವೆನ್ನಿ, ಮೂಲೆಯಲ್ಲಿ ನೆಲದ ಮೇಲೆ ಕೂರಿ. ಹತ್ತು ನಿಮಿಷದಲ್ಲಿ ಮಕ್ಕಳು ನಿಮ್ಮನ್ನು ಮರೆಯುತ್ತಾರೆ, ಹದಿನೈದು ನಿಮಿಷಕ್ಕೆ ದೊಡ್ಡವರೂ ಮರೆಯುತ್ತಾರೆ. ಅಲ್ಲಿಂದಾಚೆ ಕಾಣುವುದೇ ನಿಜವಾದ ಶಾಲೆ.

ಮೊದಲು ಅಳುವ ಮಗುವನ್ನು ಹುಡುಕಿ. ಮೂರು ವರ್ಷದ ಇಪ್ಪತ್ತು ಮಕ್ಕಳಿರುವ ಕಡೆ ಒಂದಾದರೂ ಅಳುತ್ತಿರುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ಅದರ ಹತ್ತಿರ ಯಾರು ಹೋಗುತ್ತಾರೆ, ಹೋಗಿ ಏನು ಹೇಳುತ್ತಾರೆ? 'ಅತ್ತರೆ ಅಮ್ಮ ಬರೋದೇ ಇಲ್ಲ ನೋಡು' ಎಂಬ ಮಾತನ್ನು ನಾನು ಎರಡು ಕಡೆ ಕೇಳಿದೆ. ಮಗುವಿಗೆ ಅದಕ್ಕಿಂತ ದೊಡ್ಡ ಬೆದರಿಕೆ ಈ ಲೋಕದಲ್ಲಿಲ್ಲ. ಮೂರನೆಯ ಕಡೆ ಟೀಚರ್ ಮಗುವಿನೆದುರು ಕುಕ್ಕರುಗಾಲಲ್ಲಿ ಕೂತು, 'ಅಮ್ಮ ನೆನಪಾದ್ರಾ? ಊಟದ ಡಬ್ಬಿ ಮುಗಿಸಿದ ಮೇಲೆ ಬರ್ತಾರೆ' ಎಂದು ಹೇಳಿ, ಸೊಂಟಕ್ಕೆ ಎತ್ತಿಕೊಂಡೇ ಬೇರೆ ಮಕ್ಕಳ ಹಾಡು ಮುಂದುವರಿಸಿದರು.

ಆಮೇಲೆ ಬಚ್ಚಲು. ನಮ್ಮ ಮನೆಯ ಕಥೆ ಹೇಳಿದ್ದೇನೆ, ಹಾಗಾಗಿ ನಾನು ಇದನ್ನು ಬಿಡುವುದಿಲ್ಲ. ಕೋಣೆಯಿಂದ ಎಷ್ಟು ಹೆಜ್ಜೆ? ಮಗು ಬೇಕೆಂದಾಗ ಹೋಗಬಹುದೇ? ಬಾಗಿಲಿನ ಚಿಲಕ ಒಳಗಿನಿಂದ ಮಗು ಹಾಕಿಕೊಂಡು ಸಿಕ್ಕಿಬೀಳುವಂತಿದೆಯೇ? ಕಕ್ಕಸಿಗೆ ಹೋದರೆ ತೊಳೆಸುವವರು ಯಾರು, ಆಯಾ ರಜೆ ಹಾಕಿದ ದಿನ ಯಾರು? ಚಡ್ಡಿ ಒದ್ದೆ ಮಾಡಿಕೊಂಡ ಮಗುವಿಗೆ ಎಲ್ಲರೆದುರು ಏನನ್ನುತ್ತಾರೆ? ನೀವೇ ಒಳಗೆ ಹೋಗಿ ನಲ್ಲಿ ತಿರುಗಿಸಿ ನೋಡಿ, ನೀರು ಬರಬೇಕು.

ಭಾಷೆಯನ್ನು ಗಮನಿಸಿ. 'ಇಲ್ಲಿ ಇಂಗ್ಲಿಷ್ ಮಾತ್ರ' ಎಂಬ ನಿಯಮವನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಕಡೆಗಳಿವೆ. ಹೊಟ್ಟೆನೋವು ಬಂದ ಮಗು ಅದನ್ನು ಯಾವ ಭಾಷೆಯಲ್ಲಿ ಹೇಳಬೇಕು? ನಮ್ಮ ಊರಿನ ಒಂದು ಕೋಣೆಯಲ್ಲಿ ಕನ್ನಡ, ತುಳು, ಉರ್ದು, ಬ್ಯಾರಿ, ಲಂಬಾಣಿ ಎಲ್ಲ ಮನೆಮಾತಿನ ಮಕ್ಕಳೂ ಇರಬಹುದು. ತೋಟದ ಲೈನ್‌ಗಳಲ್ಲಿ ಅಸ್ಸಾಮಿನಿಂದ ಬಂದವರ ಮಕ್ಕಳೂ ಇದ್ದಾರೆ. ಯಾವ ಮಗುವಿನ ಮಾತಿಗೂ ನಕ್ಕು ತಳ್ಳದೆ ಕಿವಿ ಕೊಡುವ ಒಬ್ಬ ಟೀಚರ್ ಇದ್ದರೆ ಇಂಗ್ಲಿಷ್ ನಿಧಾನಕ್ಕೆ ತಾನೇ ಬರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಚಿಕ್ಕ ಮಕ್ಕಳ ಕಲಿಕೆ ಸಾಧ್ಯವಿದ್ದಷ್ಟೂ ಮನೆಮಾತಿನಲ್ಲಿರಲಿ ಎಂದೇ ಹೇಳುತ್ತದೆ.

ಇನ್ನು ಬರೆಸುವುದು. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಒತ್ತಾಯ ಬರುವುದು ಶಾಲೆಗಿಂತ ಹೆಚ್ಚಾಗಿ ನಮ್ಮ ಮನೆಗಳಿಂದಲೇ. ಮನುಷ್ಯರ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟಿದಾಗ ಅವೆಲ್ಲ ಮೆದುಮೂಳೆ, ವರ್ಷ ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತವೆ. ಮೂರು ವರ್ಷಕ್ಕೆ ಅರ್ಧದಷ್ಟೂ ಗಟ್ಟಿಯಾಗಿರುವುದಿಲ್ಲ. ಬೆರಳುಗಳ ಸ್ನಾಯುಗಳೂ ಹಾಗೆಯೇ. ಆ ಕೈಗೆ ಪೆನ್ಸಿಲ್ ಕೊಟ್ಟು ನಾಲ್ಕು ಗೆರೆಯ ಪುಸ್ತಕದಲ್ಲಿ ಪುಟಗಟ್ಟಲೆ ತಿದ್ದಿಸಿದರೆ ಮಗು ಹಲ್ಲು ಕಚ್ಚಿ ಬರೆಯುತ್ತದೆ, ಬರವಣಿಗೆಯನ್ನೇ ದ್ವೇಷಿಸಲು ಕಲಿಯುತ್ತದೆ. ಆರು ವರ್ಷದೊಳಗಿನವರಿಗೆ ಪಠ್ಯಪುಸ್ತಕದ ಹೊರೆ ಬೇಡವೆಂದು 2022ರ ಅಡಿಪಾಯ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಹೇಳಿದೆ. ಕೈ ಗಟ್ಟಿಯಾಗಲು ಬೇಕಿರುವುದು ಮಣ್ಣು ಕಲಸುವುದು, ಕಾಗದ ಹರಿಯುವುದು, ದಾರಕ್ಕೆ ಮಣಿ ಪೋಣಿಸುವುದು. ಡಿಸೆಂಬರಿನಲ್ಲಿ ನಾನು ಹೋದ ಒಂದು ಅಂಗನವಾಡಿಯಲ್ಲಿ ಮಕ್ಕಳು ವೃತ್ತವಾಗಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಹೆಬ್ಬೆರಳು, ತೋರುಬೆರಳು ಎರಡರಲ್ಲೇ ಸಿಪ್ಪೆ ಸೀಳಿ ಕಾಳು ತೆಗೆಯುವುದು, ಎಣಿಸುವುದು, ಹುಳ ಕಂಡರೆ ಕಿರುಚುವುದು. ಪೆನ್ಸಿಲ್ ಹಿಡಿಯಲು ಬೇಕಾದದ್ದೂ ಅವೇ ಎರಡು ಬೆರಳು.

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ' ಎಂದು ನಮ್ಮ ಅತ್ತೆ ಆಗಾಗ ಹೇಳುತ್ತಿದ್ದರು. ಅವರೂ ಕಾಫಿ ತೋಟದ ಮನೆಯವರೇ. ನಾನು ಅವರಿಗೆ ನರ್ಸರಿಯ ಸಸಿಯನ್ನೇ ತೋರಿಸಿದೆ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ತಾಯಿಬೇರು ಮಡಚಿಕೊಂಡ ಸಸಿಯನ್ನು ಹಾಗೇ ನೆಟ್ಟರೆ ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ಅದು ಏಳುವುದಿಲ್ಲ. ತೋಟದವರು ಅಂಥದ್ದನ್ನು ನೆಡುವುದೇ ಇಲ್ಲ. ಕೆಜಿ ಎಂಬ ಎರಡಕ್ಷರದ ಪೂರ್ತಿ ಹೆಸರು ಕಿಂಡರ್‌ಗಾರ್ಟನ್, 1837ರಲ್ಲಿ ಜರ್ಮನಿಯಲ್ಲಿ ಇಂಥ ಶಾಲೆ ತೆರೆದ ಫ್ರೋಬೆಲ್ ಆಮೇಲೆ ಅದಕ್ಕೆ ಇಟ್ಟ ಹೆಸರು. ಅರ್ಥ, ಮಕ್ಕಳ ತೋಟ. ಅತ್ತೆ ಅದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಾದರೆ ನೆರಳು ಚೆನ್ನಾಗಿರೋ ಕಡೆ ಹಾಕು' ಎಂದರು.

ಮಗನಿಗೆ ಯಾವ ಶಾಲೆ ಎಂಬುದು ನನಗೆ ಖಾತ್ರಿಯಾದದ್ದು ಒಂದು ಗುಂಡಿಯಿಂದ. ಜಯನಗರದ ಕಡೆ, ಹಳೆಯ ಮನೆಯೊಂದರಲ್ಲಿ ನಡೆಯುವ ಚಿಕ್ಕ ಜಾಗ. ಜುಲೈ, ಹೊರಗೆ ಮಳೆ. ಮನೆಗೆ ಹೊರಡುವ ಹೊತ್ತು. ನೀಲಿ ರೇನ್‌ಕೋಟಿನ ಹುಡುಗನೊಬ್ಬ ಹೊಸ್ತಿಲ ಹತ್ತಿರ ನಿಂತು ಕೆಳಗಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಗುಂಡಿ ತೂತಿಗೆ ಅರ್ಧ ಹೋಗುತ್ತದೆ, ಜಾರುತ್ತದೆ. ನಾಲಿಗೆ ಹೊರಗೆ ಚಾಚಿ ಮತ್ತೆ ಹಿಡಿಯುತ್ತಾನೆ. ಮಕ್ಕಳು ಅಜ್ಜಿ ಎಂದೇ ಕರೆಯುವ ಆಯಾ ಅವನೆದುರು ಮಣೆಯ ಮೇಲೆ ಕೂತಿದ್ದರು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು. ಗೇಟಿನಲ್ಲಿ ಅವನ ಅಪ್ಪ ಬೈಕ್ ಆಫ್ ಮಾಡದೆ ಕಾಯುತ್ತಿದ್ದರು. ಅಜ್ಜಿ ಅವರ ಕಡೆ ಕೈ ಎತ್ತಿ 'ಸ್ವಲ್ಪ ತಡೀರಿ' ಎಂದು ಸನ್ನೆ ಮಾಡಿದರು, ಗುಂಡಿಗೆ ಕೈ ಹಾಕಲಿಲ್ಲ. ಗಡಿಯಾರ ನೋಡಿದೆ, ನಾಲ್ಕು ನಿಮಿಷ ಹಿಡಿಯಿತು. ಗುಂಡಿ ಸೇರಿದ ಮೇಲೆ ಹುಡುಗ ತಲೆ ಎತ್ತಿ ಮೊದಲು ಅಜ್ಜಿಯ ಮುಖ ನೋಡಿದ. 'ಆಯ್ತಲ್ಲ' ಎಂದರು ಅವರು. ಅಷ್ಟೆ. ಆ ಮನೆಯ ಗೋಡೆಗೆ ಬಣ್ಣ ಬಳಿದು ವರ್ಷಗಳಾಗಿದ್ದವು.

ಭದ್ರತೆ

ಇದನ್ನು ಕಣ್ಣಿಂದಲೇ ನೋಡಬೇಕು, ಮಾತಿನ ಮೇಲೆ ಬಿಡಬಾರದು. ಸಂಪಿನ ಮುಚ್ಚಳಕ್ಕೆ ಬೀಗ ಇದೆಯೇ, ಹಿತ್ತಿಲಿನಲ್ಲಿ ಹಳೆಯ ಬಾವಿ ಇದೆಯೇ, ಮೆಟ್ಟಿಲಿಗೆ ಬಾಗಿಲಿದೆಯೇ, ಟೆರೇಸಿನ ಚಿಲಕ ಎಷ್ಟೆತ್ತರದಲ್ಲಿದೆ, ಸ್ವಿಚ್ ಬೋರ್ಡ್ ಮಗುವಿನ ಕೈಗೆ ಎಟುಕುತ್ತದೆಯೇ. ಮೇಲಿನ ಮಹಡಿಯಲ್ಲಿ ಮೂರು ವರ್ಷದವರನ್ನು ಕೂರಿಸುವ ಕಡೆ ನಾನಾದರೆ ಸೇರಿಸುವುದಿಲ್ಲ.

ಮನೆಗೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ನೋಡಿ. 'ನಾನು ಇವನ ಮಾವ, ಕಳಿಸಿ' ಎಂದು ಯಾರಾದರೂ ಬಂದರೆ ಏನು ಮಾಡುತ್ತೀರಿ ಎಂದು ಕೇಳಿ. 'ನಿಮಗೆ ಫೋನ್ ಮಾಡಿ, ನೀವು ಹೌದೆಂದ ಮೇಲೆ, ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ' ಎಂಬ ಉತ್ತರ ತಡವರಿಸದೆ ಬರಬೇಕು. ಕೆಲಸದವರ, ಚಾಲಕರ ಪೊಲೀಸ್ ಪರಿಶೀಲನೆ ಆಗಿದೆಯೇ ಎಂದು ಕೇಳುವುದು ಅವಮಾನವಲ್ಲ. ಸಿಸಿ ಕ್ಯಾಮೆರಾ ಇದ್ದರೆ ಒಳ್ಳೆಯದು, ಆದರೆ ಕ್ಯಾಮೆರಾ ಇದೆ ಎಂದು ಆಯಾಗಳ ಸಂಖ್ಯೆ ಕಡಿಮೆ ಮಾಡಿದ ಕಡೆ ಎಚ್ಚರ. ಮಗುವಿನ ಮೇಲೆ ಯಾವುದೇ ದೌರ್ಜನ್ಯದ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ತಿಳಿಸದೆ ಇರುವುದೇ ಅಪರಾಧ. ಶಾಲೆಯ ಹೆಸರು ಕೆಡುತ್ತದೆಂದು ಒಳಗೊಳಗೇ ಮುಗಿಸೋಣ ಎನ್ನುವ ಮಾತಿಗೆ ಒಪ್ಪಬೇಡಿ.

ಹಣದ ಮಾತು

ಪ್ರವೇಶ ಶುಲ್ಕ, ಟರ್ಮ್ ಫೀಸು, ಪುಸ್ತಕ, ಯೂನಿಫಾರ್ಮ್, ವ್ಯಾನು, ವಾರ್ಷಿಕೋತ್ಸವದ ಡ್ರೆಸ್ಸು, ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದುಕೊಡಲು ಕೇಳಿ. ಪ್ರತಿ ಪಾವತಿಗೂ ರಸೀದಿ ಬೇಕು. ನಡುವೆ ಬಿಡಿಸಿದರೆ ಎಷ್ಟು ವಾಪಸ್ ಎಂಬುದೂ ಆ ಹಾಳೆಯಲ್ಲೇ ಇರಲಿ. ಶಾಲೆಯ ಪ್ರವೇಶಕ್ಕೆ ಡೊನೇಷನ್ ಕೇಳುವುದನ್ನೂ, ಮಗುವಿಗೋ ಅಪ್ಪ ಅಮ್ಮನಿಗೋ ಪರೀಕ್ಷೆ ಒಡ್ಡಿ ಆರಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ನಿಷೇಧಿಸಿದೆ. ಮೂರು ವರ್ಷದ ಮಗುವನ್ನು ಮೇಜಿನಾಚೆ ನಿಲ್ಲಿಸಿ ಬಣ್ಣಗಳ ಹೆಸರು ಕೇಳುವ ಕಡೆಯಿಂದ ಎದ್ದು ಬನ್ನಿ. ತೋಟದ ಆದಾಯ ನಂಬಿದವರು ಕಂತು ಕೇಳಲು ಸಂಕೋಚಪಡಬೇಡಿ. ಕಾಫಿ ಮಾರಿದ ಮೇಲೆ ಕೈಗೆ ಹಣ ಬರುವುದು ಊರಿಗೆಲ್ಲ ಗೊತ್ತಿರುವ ವಿಷಯ, ಒಪ್ಪುವ ಶಾಲೆಗಳಿವೆ.

ಜನನ ಪ್ರಮಾಣಪತ್ರ, ಆಧಾರ್, ಲಸಿಕೆ ಬರೆದ ತಾಯಿ ಕಾರ್ಡ್, ಎಲ್ಲದರದ್ದೂ ಜೆರಾಕ್ಸ್ ಮಾತ್ರ ಕೊಡಿ. ಮೂಲಪ್ರತಿ ತೋರಿಸಿ ವಾಪಸ್ ತನ್ನಿ.

ತೀರ್ಮಾನಕ್ಕೆ ಮೊದಲು ಇನ್ನೊಂದು ಕೆಲಸ. ಮಕ್ಕಳನ್ನು ಕರೆದೊಯ್ಯಲು ಗೇಟಿನಲ್ಲಿ ನಿಂತ ತಾಯಂದಿರ ಹತ್ತಿರ ಮಾತಾಡಿ. 'ಹೇಗಿದೆ?' ಎಂದರೆ 'ಚೆನ್ನಾಗಿದೆ' ಎಂದೇ ಹೇಳುತ್ತಾರೆ. 'ನಿಮಗೆ ಇಷ್ಟವಾಗದ್ದು ಏನು?' ಎಂದು ಕೇಳಿ. ಹೋದ ವರ್ಷದ ಟೀಚರ್ ಈ ವರ್ಷವೂ ಇದ್ದಾರೆ ತಾನೇ ಎಂದೂ ಕೇಳಿ. ವರ್ಷಕ್ಕೊಮ್ಮೆ ಎಲ್ಲ ಟೀಚರ್‌ಗಳೂ ಬಿಟ್ಟು ಹೋಗುವ ಕಡೆ ಸಂಬಳವೋ ಮರ್ಯಾದೆಯೋ ಏನೋ ಒಂದು ಸರಿಯಿಲ್ಲ, ಅದರ ಬಿಸಿ ಮಕ್ಕಳಿಗೂ ತಟ್ಟುತ್ತದೆ.

ಸೇರಿಸಿದ ಮೇಲಿನ ಮೊದಲ ತಿಂಗಳು

ಆರಿಸುವ ಕೆಲಸ ಫೀಸು ಕಟ್ಟಿದ ದಿನ ಮುಗಿಯುವುದಿಲ್ಲ. ಮೊದಲ ಎರಡು ಮೂರು ದಿನ ಅಮ್ಮನೋ ಅಪ್ಪನೋ ಅಜ್ಜಿಯೋ ಜೊತೆಗೆ ಕೂರಲು ಬಿಡಬೇಕು. ಆಮೇಲೆ ಅರ್ಧ ಗಂಟೆ, ಒಂದು ಗಂಟೆ ಎಂದು ಬಿಟ್ಟಿರುವ ಹೊತ್ತನ್ನು ಹೆಚ್ಚಿಸುತ್ತಾ ಹೋಗಬೇಕು. ಮಗು ಆಟದಲ್ಲಿ ಮುಳುಗಿದಾಗ ಕದ್ದು ಬರಬೇಡಿ. 'ಹೋಗಿ ಬರ್ತೀನಿ, ಡಬ್ಬಿ ಆದ ಮೇಲೆ ಬರ್ತೀನಿ' ಎಂದು ಮುಖ ನೋಡಿ ಹೇಳಿ ಬನ್ನಿ. ಅತ್ತರೂ ಸರಿ. ಹೇಳಿದ ಹೊತ್ತಿಗೆ ಐದು ನಿಮಿಷ ಮೊದಲೇ ಗೇಟಿನಲ್ಲಿರಿ. ಮಳೆಯಿದ್ದರೆ ಇನ್ನೂ ಐದು ನಿಮಿಷ ಮೊದಲು ಹೊರಡಿ.

'ಇವತ್ತು ಏನು ಕಲಿತೆ?' ಎಂದು ಕೇಳಬೇಡಿ. 'ಯಾರ ಪಕ್ಕ ಕೂತಿದ್ದೆ? ಉಚ್ಚೆಗೆ ಯಾರು ಕರಕೊಂಡು ಹೋದರು?' ಎಂದು ಕೇಳಿ. ಬೆಳಿಗ್ಗೆ ಅತ್ತು, ಮಧ್ಯಾಹ್ನ ಹಾಡಿಕೊಂಡು ಬರುವ ಮಗು ಸರಿಹೋಗುತ್ತದೆ. ನಾಲ್ಕೈದು ವಾರವಾದರೂ ಊಟ ಸೇರುತ್ತಿಲ್ಲ, ರಾತ್ರಿ ಬೆಚ್ಚುತ್ತದೆ, ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗಿದೆ, ಶಾಲೆಯ ಹೆಸರೆತ್ತಿದರೆ ಮಂಚದ ಕೆಳಗೆ ಹೋಗುತ್ತದೆ ಎಂದಾದರೆ ಶಾಲೆಗೆ ಹೋಗಿ ಮಾತಾಡಿ, ಡಾಕ್ಟರಿಗೂ ಒಮ್ಮೆ ತೋರಿಸಿ. ಮಾತಾಡಿದ ಮೇಲೂ ಬದಲಾಗದಿದ್ದರೆ ಬಿಡಿಸಿ. ವರ್ಷದ ಮಧ್ಯ, ಕಟ್ಟಿದ ಹಣ, ನೆಂಟರ ಮಾತು, ಯಾವುದಕ್ಕೂ ಕಾಯಬೇಡಿ. ಈ ವಯಸ್ಸಿನಲ್ಲಿ ಆರು ತಿಂಗಳು ಮನೆಯಲ್ಲಿದ್ದರೆ ಯಾವ ಪಾಠವೂ ತಪ್ಪಿಹೋಗುವುದಿಲ್ಲ.

ಮಗಳನ್ನು ಆ ವರ್ಷ ಅಕ್ಟೋಬರ್‌ನಲ್ಲಿ ಬಿಡಿಸಿದೆವು. ಹಣ ವಾಪಸ್ ಬರಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಹಾಸಿಗೆ ಒಣಗಿತ್ತು.